ಕೊಡಗಿನ ಕಂಪ್ಯೂಟರ್ ವಿಜ್ಞಾನ ಅಧ್ಯಾಪಕರ ಒಂದು ವರ್ಷ: ಪಾಠ, ಸಂಶೋಧನೆ, ಸೇವೆಯನ್ನು ಹೊಂದಿಸಿಕೊಳ್ಳುವ ಬಗೆ

ವರ್ಷದ ಕೊನೆಯಲ್ಲಿ ಕೈಗೆ ಬರುವ ಸ್ವಯಂ ಮೌಲ್ಯಮಾಪನದ ನಮೂನೆ ಅಧ್ಯಾಪಕರನ್ನು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ: ಏನು ಕಲಿಸಿದಿರಿ, ಏನು ಅಧ್ಯಯನ ಮಾಡಿ ಪ್ರಕಟಿಸಿದಿರಿ, ಕಾಲೇಜಿಗೂ ಊರಿಗೂ ಏನು ಕೆಲಸ ಮಾಡಿಕೊಟ್ಟಿರಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ವಾರ್ಷಿಕ ವರದಿ ಬೋಧನೆ, ವಿದ್ವತ್ತು, ಸೇವೆ ಎಂಬ ಹೆಸರಿನಲ್ಲಿ ಇದೇ ಮೂರರ ಮೇಲೆ ನಿಂತಿರುತ್ತದೆ. ನಮ್ಮಲ್ಲಿ ಪದವಿ ಕಾಲೇಜುಗಳಿಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿ, ಎಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ) 2019ರ ನಿಯಮಾವಳಿ ಬೇರೆ ಮಾತುಗಳಲ್ಲಿ ಇದನ್ನೇ ಕೇಳುತ್ತವೆ.

ಕೇಳುವುದು ನ್ಯಾಯವೇ. ಆದರೆ ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ನೇರ ಬೋಧನೆ ಇದೆ. ಸಣ್ಣ ಕಾಲೇಜಿನಲ್ಲಿ ಇಡೀ ವಿಭಾಗವನ್ನು ಒಬ್ಬಿಬ್ಬರೇ ಹೊತ್ತಿರುತ್ತಾರೆ. ಲ್ಯಾಬಿನ ಕೀಲಿಕೈಯಿಂದ ಹಿಡಿದು ಪ್ರವೇಶಾತಿಯ ತಂತ್ರಾಂಶದವರೆಗೆ ಎಲ್ಲವೂ ಅವರ ತಲೆಯ ಮೇಲೆ. ಇಂಥ ಕಡೆ ಪಾಠಕ್ಕೆ ಒಂದು ಕೆಲಸ, ಸಂಶೋಧನೆಗೆ ಇನ್ನೊಂದು, ಸೇವೆಗೆ ಮತ್ತೊಂದು ಎಂದು ಹಂಚಿಕೊಂಡು ಹೊರಟರೆ ಮೂರೂ ಅರ್ಧಕ್ಕೇ ನಿಲ್ಲುತ್ತವೆ. ಆದ್ದರಿಂದ ನಾನು ಕಿರಿಯ ಸಹೋದ್ಯೋಗಿಗಳಿಗೆ ಹೇಳುವುದು ಇಷ್ಟೇ: ವರ್ಷಕ್ಕೆ ಒಂದೇ ಸ್ಥಳೀಯ ವಿಷಯ ಹಿಡಿಯಿರಿ. ಲ್ಯಾಬಿನ ಲೆಕ್ಕ, ಪ್ರಬಂಧ, ಊರಿನ ಕೆಲಸ ಎಲ್ಲವೂ ಅದರಿಂದಲೇ ಹುಟ್ಟಲಿ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಪದವಿ ಕಾಲೇಜುಗಳಲ್ಲಿ, ಕುಶಾಲನಗರ ಮತ್ತು ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಚೆಗೆ ಕೆಲಸಕ್ಕೆ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅತಿಥಿ ಉಪನ್ಯಾಸಕರಿಗೂ ಇದು ಅನ್ವಯಿಸುತ್ತದೆ. ಅವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂದರೂ ತಪ್ಪಲ್ಲ, ಏಕೆಂದರೆ ಮುಂದಿನ ಸಂದರ್ಶನದಲ್ಲಿ ಅವರ ಪರವಾಗಿ ಮಾತನಾಡುವುದು ಅವರು ಇಟ್ಟುಕೊಂಡ ದಾಖಲೆ ಮಾತ್ರ.

ಬೇಸಿಗೆ ರಜೆಯಲ್ಲೇ ವಿಷಯ ಆರಿಸಿ

ಕೊಡಗಿನಲ್ಲಿ ವಿಷಯಕ್ಕೆ ಬರವಿಲ್ಲ. ಕಾಫಿ ಎಲೆಯ ರೋಗಗಳಿವೆ. ಸಿದ್ದಾಪುರ, ಮಾಲ್ದಾರೆ ಕಡೆಯ ಕಾಡಾನೆ ಸಂಚಾರವಿದೆ. ಕೊಡವ ತಕ್ಕ್ ಮತ್ತು ಅರೆಭಾಷೆಯ ಧ್ವನಿ ಸಂಗ್ರಹ ಆಗಬೇಕಾಗಿದೆ. ಆರಿಸುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದರಿಂದ ನೀವು ಕಲಿಸುವ ಕನಿಷ್ಠ ಎರಡು ವಿಷಯಗಳಿಗೆ ಲ್ಯಾಬಿನ ಲೆಕ್ಕಗಳು ಸಿಗುತ್ತವೆಯೇ? ದತ್ತಾಂಶ ಕಾಲೇಜಿನಿಂದ ಒಂದು ಬಸ್ಸಿನ ದೂರದಲ್ಲಿದೆಯೇ? ಕೆಲಸ ಮುಗಿದ ಮೇಲೆ ದತ್ತಾಂಶ ಕೊಟ್ಟವರಿಗೆ ಏನಾದರೂ ಮರಳಿ ಸಿಗುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ವಿಷಯವನ್ನು ಬಿಟ್ಟುಬಿಡಿ.

ನಾನು ಎಲ್ಲರಿಗೂ ಮೊದಲು ಸೂಚಿಸುವುದು ತೋಟದ ಮಳೆ ಪುಸ್ತಕಗಳನ್ನು. ಕೊಡಗಿನ ಅನೇಕ ಬೆಳೆಗಾರರ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ನಡೆದು ಬಂದಿದೆ. ಕಾಫಿಯ ಹೂ ಅರಳಿಸುವ ಹೂಮಳೆ ಯಾವ ದಿನ ಎಷ್ಟು ಬಿತ್ತು ಎನ್ನುವುದು ರೊಬಸ್ಟಾ ಕಾಫಿ ಬೆಳೆಯುವವರಿಗೆ ಆ ವರ್ಷದ ಫಸಲಿನ ಪ್ರಶ್ನೆ, ಆದ್ದರಿಂದ ಈ ಪುಸ್ತಕಗಳನ್ನು ಬಹಳ ಶ್ರದ್ಧೆಯಿಂದ ಇಡುತ್ತಾರೆ. ಅವುಗಳಲ್ಲಿ ಬಹುಪಾಲು ಇನ್ನೂ ಕಾಗದದ ಮೇಲೆಯೇ ಇವೆ, ಗೆದ್ದಲಿನ ಬಾಯಿಗೆ ಹತ್ತಿರದಲ್ಲೇ ಇವೆ.

ಒಂದು ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಲು ಕುಳಿತರೆ ಸಾಕು, ನಮ್ಮ ಶಾಸ್ತ್ರದ ಅರ್ಧ ಸಮಸ್ಯೆಗಳು ಎದುರು ಬಂದು ನಿಲ್ಲುತ್ತವೆ. ನೂರು ಸೆಂಟು ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಇಂಚು ನಲವತ್ತು ಸೆಂಟನ್ನು ಒಬ್ಬರು 1-40 ಎಂದು ಬರೆದರೆ ಇನ್ನೊಬ್ಬರು 1.40 ಎನ್ನುತ್ತಾರೆ. 1.4 ಎಂದು ಬರೆದಿದ್ದರೆ ಅದು ಒಂದು ಇಂಚು ನಾಲ್ಕು ಸೆಂಟೋ ನಲವತ್ತು ಸೆಂಟೋ? ಮೊದಲನೆಯದಾದರೆ ಸುಮಾರು 26.4 ಮಿಲಿಮೀಟರ್, ಎರಡನೆಯದಾದರೆ ಸುಮಾರು 35.6. ಹಿಂದಿನ ಮುಂದಿನ ಪುಟಗಳಲ್ಲಿ ಆ ಕೈಬರಹದವರು ಹೇಗೆ ಬರೆಯುತ್ತಿದ್ದರು ಎಂದು ನೋಡಿಯೇ ತೀರ್ಮಾನಿಸಬೇಕು. ವಿದ್ಯಾರ್ಥಿ 1-10 ಎಂದು ಟೈಪಿಸಿದ ಕೂಡಲೇ ಎಕ್ಸೆಲ್ ಅದನ್ನು ದಿನಾಂಕ ಎಂದು ತಿಳಿದು ಬದಲಿಸಿಬಿಡುತ್ತದೆ, ಆದ್ದರಿಂದ ಆ ಕಂಬಸಾಲನ್ನು ಮೊದಲೇ ಪಠ್ಯ ಎಂದು ಗುರುತಿಸಿಡಬೇಕು. ಖಾಲಿ ಬಿಟ್ಟ ದಿನ ಮಳೆ ಬರಲಿಲ್ಲವೋ, ಅಳೆಯುವವರು ಮನೆಯಲ್ಲಿರಲಿಲ್ಲವೋ? ಭಾನುವಾರ ಅಳೆಯದೆ ಸೋಮವಾರ ಎರಡು ದಿನದ ನೀರನ್ನು ಒಟ್ಟಿಗೆ ಬರೆದಿರಬಹುದೇ? ಡೇಟಾಬೇಸ್ ಪಾಠದಲ್ಲಿ ಸೊನ್ನೆಗೂ ‘ನಲ್’ಗೂ (ದಾಖಲೆಯೇ ಇಲ್ಲದ್ದಕ್ಕೂ) ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಪುಸ್ತಕ ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಪ್ರಾಂಶುಪಾಲರ ಸಹಿಯ ಒಂದು ಪುಟದ ಪತ್ರ ಒಯ್ಯಿರಿ. ಅದರಲ್ಲಿ ಪುಸ್ತಕವನ್ನು ಅವರ ಮನೆಯಲ್ಲೇ ಫೋಟೊ ತೆಗೆಯುತ್ತೇವೆ, ಹೊರಗೆ ಒಯ್ಯುವುದಿಲ್ಲ, ಪ್ರಕಟಿಸುವಾಗ ತೋಟದ ಹೆಸರಿನ ಬದಲು ಗ್ರಾಮದ ಹೆಸರು ಮಾತ್ರ ಬಳಸುತ್ತೇವೆ, ಟೈಪು ಮಾಡಿದ ಪ್ರತಿಯನ್ನು ಅವರಿಗೆ ಕೊಡುತ್ತೇವೆ ಎಂದು ಸ್ಪಷ್ಟವಾಗಿ ಬರೆಯಿರಿ. ಅವರ ಒಪ್ಪಿಗೆಯ ಸಹಿಯನ್ನೂ ಅದೇ ಹಾಳೆಯಲ್ಲಿ ಪಡೆಯಿರಿ. ಪುಟದಂಚಿನಲ್ಲಿ ಕೂಲಿ ಲೆಕ್ಕ, ಮನೆಯ ಸಾವು ನೋವು, ಸಾಲದ ಟಿಪ್ಪಣಿ ಕೂಡ ಇರಬಹುದು. ಅವನ್ನು ಮುಚ್ಚಿಯೇ ಫೋಟೊ ತೆಗೆಯುವುದನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸಿ.

ಪಾಠದ ಕ್ರಮವನ್ನು ಮಳೆಗೆ ಹೊಂದಿಸಿ

ಪಠ್ಯಕ್ರಮವನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಅದರ ಒಳಗೆ ಯಾವುದನ್ನು ಯಾವಾಗ ಕಲಿಸಬೇಕು ಎಂಬುದರಲ್ಲಿ ನಿಮಗೆ ಸ್ವಲ್ಪ ಸ್ವಾತಂತ್ರ್ಯವಿದೆ, ಅದನ್ನು ಬಳಸಿಕೊಳ್ಳಿ. ಮುಂಗಾರಿನ ತಿಂಗಳುಗಳಲ್ಲಿ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಬೀಳುತ್ತದೆ, ಜಿಲ್ಲಾಡಳಿತ ಹಿಂದಿನ ಸಂಜೆ ರಜೆ ಘೋಷಿಸುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯಿಂದ ಬರುವ ಮಕ್ಕಳ ರಸ್ತೆಯ ಮೇಲೆ ನೀರು ಬರುತ್ತದೆ. ಆದ್ದರಿಂದ ಕರಿಹಲಗೆಯ ಮೇಲೆ ನಡೆಯುವ ಪಾಠಗಳು, ಅಂದರೆ ಡಿಸ್ಕ್ರೀಟ್ ಗಣಿತ, ಅಲ್ಗಾರಿದಮ್ ವಿಶ್ಲೇಷಣೆ, ಆಟೊಮೇಟಾ ಇಂಥವು ಜುಲೈ, ಆಗಸ್ಟಿನಲ್ಲಿ ಮುಗಿಯಲಿ. ಕ್ಲೌಡ್, ವೆಬ್, ನೆಟ್‌ವರ್ಕ್ ಲ್ಯಾಬುಗಳನ್ನು ದಸರೆಯ ನಂತರಕ್ಕೆ ತಳ್ಳಿ.

ಯುಜಿಸಿ 30 ಕೆಲಸದ ವಾರ, 180 ಬೋಧನಾ ದಿನ ಎನ್ನುತ್ತದೆ. ಕೊಡಗಿನಲ್ಲಿ ಪಾಠಯೋಜನೆ ಬರೆಯುವಾಗ ಮಳೆ ರಜೆಗೆಂದೇ ಕೆಲವು ದಿನ ಕಳೆದು ಬರೆಯಬೇಕು. ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಹುತ್ತರಿಯ ಹೊತ್ತಿಗೆ ಅರೇಬಿಕಾ ಕುಯ್ಲು ನಡೆಯುತ್ತಿರುತ್ತದೆ, ಜನವರಿಯಿಂದ ರೊಬಸ್ಟಾ. ಸಣ್ಣ ತೋಟದವರ ಮಕ್ಕಳೂ ತೋಟದ ಕಾರ್ಮಿಕರ ಮಕ್ಕಳೂ ಆ ವಾರಗಳಲ್ಲಿ ಗೈರಾಗುತ್ತಾರೆ. ಅವರು ಸೋಮಾರಿಗಳಲ್ಲ, ಮನೆಯ ವರ್ಷದ ಆದಾಯ ಅಲ್ಲಿ ಕಣದಲ್ಲಿ ಒಣಗುತ್ತಿರುತ್ತದೆ. ದೊಡ್ಡ ಆಂತರಿಕ ಪರೀಕ್ಷೆಯನ್ನು ಕುಯ್ಲಿನ ಬಿರುಸಿನಲ್ಲಿ ಇಡದೆ ಒಂದೆರಡು ವಾರ ಆಚೀಚೆ ಮಾಡಲು ವಿಭಾಗದ ಸಭೆಯಲ್ಲಿ ಕೇಳಿ. ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ.

ರಜೆ ಘೋಷಣೆಯಾದ ದಿನವೇ ದಿನಚರಿಯಲ್ಲಿ ಆದೇಶದ ದಿನಾಂಕ ಬರೆದಿಡಿ. ಯುಜಿಸಿ ನಿಯಮದಲ್ಲಿ ನಿಗದಿತ ತರಗತಿಗಳ ಶೇಕಡಾ 80ಕ್ಕಿಂತ ಕಡಿಮೆಯಿಲ್ಲದಂತೆ ತೆಗೆದುಕೊಂಡವರಿಗೆ ‘ಉತ್ತಮ’ ಎಂಬ ಶ್ರೇಣಿ, 70ಕ್ಕಿಂತ ಕೆಳಗೆ ಇಳಿದರೆ ‘ತೃಪ್ತಿಕರವಲ್ಲ’. ಶನಿವಾರಗಳಲ್ಲಿ ಮಾಡಿದ ಬದಲಿ ತರಗತಿ ಯಾವ ರಜೆಯ ಬದಲಿಗೆ ನಡೆಯಿತು ಎಂದು ಪಕ್ಕದಲ್ಲೇ ಬರೆಯದಿದ್ದರೆ ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಲ್ಯಾಬ್

ಕಾಲೇಜಿನ ಒಂದು ಹಳೆಯ ಕಂಪ್ಯೂಟರನ್ನು ಒಳ ಸರ್ವರ್ ಮಾಡಿ. ಪೈಥಾನ್ ದಾಖಲಾತಿ, ಬೇಕಾದ ಪ್ಯಾಕೇಜುಗಳು, ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನ ನಿಮ್ಮ ವಿಷಯದ ಉಪನ್ಯಾಸಗಳು ಜೂನ್‌ಗೆ ಮೊದಲೇ ಅದರಲ್ಲಿ ಇಳಿದಿರಲಿ. ಪ್ರೋಗ್ರಾಮಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶಕ್ಕೆ ಇಂಟರ್‌ನೆಟ್ ಬೇಕೆಂದು ಅನೇಕರು ತಿಳಿದಿದ್ದಾರೆ. ಒಳಜಾಲದಲ್ಲೇ ಅದು ಚೆನ್ನಾಗಿ ನಡೆಯುತ್ತದೆ, ವಿದ್ಯಾರ್ಥಿಯ ಪ್ರತಿ ಬದಲಾವಣೆಗೂ ದಿನಾಂಕ ಸಮೇತ ದಾಖಲೆ ಸಿಗುತ್ತದೆ. ವರ್ಷದ ಕೊನೆಯಲ್ಲಿ ಈ ದಾಖಲೆ ನಿಮಗೂ ಬೇಕಾಗುತ್ತದೆ. ಲ್ಯಾಬನ್ನು ದಿನದ ಕೊನೆಯ ಅವಧಿಗೆ ಇಡಬೇಡಿ. ತಿತಿಮತಿ, ಮಾಲ್ದಾರೆ ಕಡೆಯ ಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕು. ಆನೆ ಓಡಾಡುವ ದಾರಿಯಲ್ಲಿ ಬಸ್ಸಿಳಿದು ನಡೆಯುವ ಹುಡುಗಿಗೆ ನಾಲ್ಕೂವರೆಯ ಪ್ರಯೋಗದಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ?

ಈಗ ಯಾವ ಪ್ರೋಗ್ರಾಂ ಕೊಟ್ಟರೂ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆ ಬರೆದುಕೊಡುತ್ತದೆ. ಲ್ಯಾಬಿನಲ್ಲಿ ಅದನ್ನು ನಿಷೇಧಿಸಿ ಕಾವಲು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಂಕವನ್ನು ಬರೆದ ಪ್ರೋಗ್ರಾಮಿಗೆ ಕೊಡುವ ಬದಲು ಪರದೆಯ ಮುಂದೆ ನಿಂತು ಮಾಡುವ ಬದಲಾವಣೆಗೆ ಕೊಡಿ. ಸತತ ಮೂರು ದಿನಗಳಲ್ಲಿ ಅತಿ ಹೆಚ್ಚು ಮಳೆ ಎಂದು ಬಿತ್ತು ಎಂದು ಹುಡುಕುವ ಪ್ರೋಗ್ರಾಂ ಬರೆದು ತಂದಿದ್ದಾರೆ ಎಂದುಕೊಳ್ಳಿ. ಮೂರನ್ನು ಐದು ಮಾಡಲು ಹೇಳಿ. ಒಂದು ದಿನದ ದಾಖಲೆ ಇಲ್ಲದಿದ್ದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಕೇಳಿ. ಪ್ರತಿ ದಿನವೂ ಮೂರು ಸಂಖ್ಯೆಗಳನ್ನು ಹೊಸದಾಗಿ ಕೂಡದೆ, ಹೋದ ದಿನದ್ದನ್ನು ಕಳೆದು ಬಂದ ದಿನದ್ದನ್ನು ಕೂಡಿದರೆ ಎಷ್ಟು ಕೆಲಸ ಉಳಿಯುತ್ತದೆ ಎಂದು ಕೇಳಿ. ಐದು ನಿಮಿಷದಲ್ಲಿ ಯಾರಿಗೆ ಅರ್ಥವಾಗಿದೆ ಎಂದು ನಿಮಗೂ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಈ ಲೆಕ್ಕಕ್ಕೆ ಇಲ್ಲಿನ ಮಕ್ಕಳ ಬಳಿ ಕಾರಣವೂ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದದ್ದನ್ನು ಅವರ ಮನೆಯವರು ಕಂಡಿದ್ದಾರೆ. ಮಣ್ಣು ನೀರು ಕುಡಿದು ಜಾರುವುದಕ್ಕೆ ಆ ಒಂದು ದಿನದ ಮಳೆಯಷ್ಟೇ ಹಿಂದಿನ ದಿನಗಳ ಮಳೆಯೂ ಕಾರಣ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಆಡುವ ಮಕ್ಕಳು ಇರುತ್ತಾರೆ. ಎಲ್ಲರಿಗೂ ಕನ್ನಡ ತಿಳಿಯುತ್ತದೆ, ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ವಿವರಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವನ್ನು ಬೇರೆಯಾಗಿ ಮಾಡಿಸಿ. ಪ್ರೋಗ್ರಾಮಿನ ಒಳಗಿನ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಲು ಬಿಡಿ, ಪೈಥಾನ್ 3 ಅದನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ. ‘ಕೊಡಗು’ ಎಂಬ ಪದದ ಉದ್ದವನ್ನು ಪೈಥಾನಿನಲ್ಲಿ ಕೇಳಿಸಿ. ಕಣ್ಣಿಗೆ ಮೂರು ಅಕ್ಷರ ಕಾಣುತ್ತದೆ, ಯಂತ್ರ ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ ಐದು ಎನ್ನುತ್ತದೆ, ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಅದು ಹದಿನೈದು ಬೈಟು. ಆ ಪದವನ್ನು ತಿರುಗಿಸಿ ಮುದ್ರಿಸಿದಾಗ ಸ್ವರಚಿಹ್ನೆಗಳು ಚೆದುರಿ ಬೀಳುವುದನ್ನು ನೋಡಿದ ವಿದ್ಯಾರ್ಥಿ ಯುನಿಕೋಡ್ ಪಾಠವನ್ನು ಮರೆಯುವುದಿಲ್ಲ. ಅದೇ ರೀತಿ ಟ್ರೀ ಎಂಬ ದತ್ತಾಂಶ ರಚನೆಯ ಪಾಠಕ್ಕೆ ಒಕ್ಕದ (ಕೊಡವ ಮನೆತನದ) ವಂಶವೃಕ್ಷ ಕೊಡಿ, ಇಬ್ಬರ ಹತ್ತಿರದ ಸಮಾನ ಪೂರ್ವಜರನ್ನು ಹುಡುಕಿಸಿ. ಮದುವೆಗಳನ್ನೂ ಸೇರಿಸಿದ ಕೂಡಲೇ ಅದು ಟ್ರೀ ಆಗಿ ಉಳಿಯದೆ ಗ್ರಾಫ್ ಆಗುತ್ತದೆ. ಅದನ್ನು ಹೇಳಿಕೊಡಬೇಡಿ, ಅವರೇ ಕಂಡುಕೊಳ್ಳುವವರೆಗೆ ಕಾಯಿರಿ.

ಶುಕ್ರವಾರದ ಅರ್ಧ ಗಂಟೆ

ದಾಖಲೆ ಇಡುವುದಕ್ಕೆ ದೊಡ್ಡ ವ್ಯವಸ್ಥೆ ಬೇಡ. ವಾರಕ್ಕೆ ಅರ್ಧ ಗಂಟೆ ಕಡ್ಡಾಯವಾಗಿ ಎತ್ತಿಡಿ, ಶುಕ್ರವಾರ ಸಂಜೆ ಒಳ್ಳೆಯದು. ಒಂದು ಕಡತಕೋಶದಲ್ಲಿ ಪಾಠ, ಅಧ್ಯಯನ, ಸೇವೆ ಎಂದು ಮೂರು ಭಾಗ ಮಾಡಿ ಆ ವಾರದ ಕಾಗದಗಳನ್ನು ಅಲ್ಲಿಗೆ ಸೇರಿಸಿ: ಸುತ್ತೋಲೆ, ಪ್ರಶ್ನೆಪತ್ರಿಕೆ, ಹಾಜರಾತಿ ಪ್ರಮಾಣಪತ್ರ, ಫೋಟೊ, ಮೌಲ್ಯಮಾಪನಕ್ಕೆ ಹೋಗಿಬಂದ ಆದೇಶ. ಕಡತದ ಹೆಸರು ದಿನಾಂಕದಿಂದ ಶುರುವಾಗಲಿ, ವರ್ಷ ಮೊದಲು, ತಿಂಗಳು, ಆಮೇಲೆ ದಿನ. ಹಾಗಿಟ್ಟರೆ ತಾನಾಗಿ ಕ್ರಮದಲ್ಲಿ ನಿಲ್ಲುತ್ತದೆ. ಮೊಬೈಲಿಗೆ ಬಂದ ಆದೇಶಗಳು ಫೋನು ಬದಲಾಯಿಸಿದ ದಿನ ಕಳೆದುಹೋಗುತ್ತವೆ, ಅವನ್ನು ಆಗಲೇ ಇಳಿಸಿ ಇಡಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ಕೊಡಗಿನ ತೇವದಲ್ಲಿ ಕಾಗದ ಬೂಸಲು ಹಿಡಿಯುತ್ತದೆ, ಸಿಡಿಲಿಗೆ ಹಾರ್ಡ್‌ಡಿಸ್ಕ್ ಸುಡುತ್ತದೆ.

ಅದೇ ಹೊತ್ತಿನಲ್ಲಿ ಎರಡು ಸಾಲು ಬರೆಯಿರಿ: ಈ ವಾರ ಯಾವ ಪಾಠ ಮಕ್ಕಳಿಗೆ ಹತ್ತಲಿಲ್ಲ, ಮುಂದಿನ ಸಲ ಏನು ಬದಲಿಸುತ್ತೇನೆ. ನಮೂನೆಯಲ್ಲಿ ‘ನವೀನ ಬೋಧನಾ ವಿಧಾನ’ ಎಂಬ ಅಂಕಣ ಬಂದಾಗ ಎಲ್ಲರೂ ಪಿಪಿಟಿ ಎಂದು ಬರೆಯುತ್ತಾರೆ. ನಿಮ್ಮ ಹತ್ತಿರ ನಿಜವಾದ ಉತ್ತರ ಇರುತ್ತದೆ.

ಸಂಶೋಧನೆ: ವರ್ಷಕ್ಕೆ ಒಂದು, ಆದರೆ ಗಟ್ಟಿಯಾದದ್ದು

ಹಣ ಕೊಟ್ಟರೆ ಮೂರು ದಿನದಲ್ಲಿ ಪ್ರಬಂಧ ಪ್ರಕಟಿಸುವ ನಿಯತಕಾಲಿಕಗಳ ಮಿಂಚಂಚೆ ನಿಮಗೂ ಬಂದಿರುತ್ತದೆ. ಬಡ್ತಿಗೆ ಬೇಕು, ಸಮಯವಿಲ್ಲ ಎಂಬ ಒತ್ತಡದಲ್ಲಿ ಒಳ್ಳೆಯ ಅಧ್ಯಾಪಕರೂ ಅಲ್ಲಿಗೆ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅವರ ಸಂಬಳದ ದುಡ್ಡು ಹೋಗುತ್ತದೆ, ಕೊನೆಗೆ ಅವರದೇ ಹೆಸರಿಗೆ ಮಸಿ ಅಂಟುತ್ತದೆ. 2025ರಲ್ಲಿ ಯುಜಿಸಿ ತಾನು ಒಪ್ಪಿದ ನಿಯತಕಾಲಿಕಗಳ ಕೇರ್ ಪಟ್ಟಿಯನ್ನು ಕೈಬಿಟ್ಟಿತು. ನಿಯತಕಾಲಿಕದ ಗುಣಮಟ್ಟ ಅಳೆಯುವ ಹೊಣೆ ಈಗ ಸಂಸ್ಥೆಗಳ ಮೇಲೆ, ಅಂದರೆ ಬಹುಮಟ್ಟಿಗೆ ನಿಮ್ಮ ಮೇಲೆ ಇದೆ.

ಪರೀಕ್ಷಿಸುವುದು ಕಷ್ಟವಲ್ಲ. ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸೂಚಿಯಲ್ಲಿದೆ ಎಂದು ನಿಯತಕಾಲಿಕ ಹೇಳಿಕೊಂಡರೆ ಆ ಮಾತನ್ನು ನಂಬದೆ ಸ್ಕೋಪಸ್‌ನ ಪಟ್ಟಿಯಲ್ಲೇ ಹುಡುಕಿ, ಈಚಿನ ವರ್ಷದವರೆಗೂ ಇದೆಯೇ ನೋಡಿ. ಸಂಪಾದಕ ಮಂಡಳಿಯ ಇಬ್ಬರ ವಿಶ್ವವಿದ್ಯಾಲಯದ ಪುಟ ತೆರೆದು ಅವರು ನಿಜವಾಗಿಯೂ ಇದ್ದಾರೆಯೇ ನೋಡಿ. ಪ್ರಬಂಧವನ್ನು ಗುರುತಿಸುವ ಡಿಒಐ ಸಂಖ್ಯೆ ಇದ್ದ ಮಾತ್ರಕ್ಕೆ ಗುಣಮಟ್ಟ ಇದೆ ಎಂದಲ್ಲ, ಅದನ್ನು ಶುಲ್ಕ ಕಟ್ಟಿ ಯಾರೂ ಪಡೆಯಬಹುದು. ನಮ್ಮ ಶಾಸ್ತ್ರದಲ್ಲಿ ಸಮ್ಮೇಳನದ ಪ್ರಬಂಧಗಳಿಗೂ ಬೆಲೆಯಿದೆ. ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ಶುರುವಾದ ಡಿಬಿಎಲ್‌ಪಿ ಎಂಬ ಕಂಪ್ಯೂಟರ್ ವಿಜ್ಞಾನ ಪ್ರಬಂಧಗಳ ಸೂಚಿಯಲ್ಲಿ ಆ ಸಮ್ಮೇಳನದ ಹಿಂದಿನ ವರ್ಷಗಳ ಪ್ರಬಂಧಗಳನ್ನು ತೆರೆದು ಓದಿ. ಓದಿದರೆ ಅದರ ಮಟ್ಟ ತಿಳಿಯುತ್ತದೆ. ಇತರರ ಬರಹದೊಂದಿಗಿನ ಹೋಲಿಕೆಯ ಪ್ರಮಾಣದಲ್ಲಿ, ಕೃತಿಚೌರ್ಯದ ಬಗೆಗಿನ ಯುಜಿಸಿಯ 2018ರ ನಿಯಮ ಶೇಕಡಾ 10ರವರೆಗೆ ಮಾತ್ರ ದಂಡವಿಲ್ಲದೆ ಬಿಡುತ್ತದೆ ಎಂಬುದು ನೆನಪಿರಲಿ. ನಿಮ್ಮದೇ ಹಳೆಯ ಪ್ರಬಂಧದ ಸಾಲುಗಳ ಬಗ್ಗೆಯೂ ಎಚ್ಚರ ಬೇಕು.

ಕಾಫಿ ಎಲೆಯ ಚಿತ್ರದಿಂದ ರೋಗ ಗುರುತಿಸುವ ಪ್ರಾಜೆಕ್ಟುಗಳು ಪ್ರತಿ ವರ್ಷ ಬರುತ್ತವೆ, ‘ಶೇಕಡಾ 99 ನಿಖರತೆ’ ಎಂಬ ಸಾಲಿನೊಂದಿಗೆ. ಇದರಲ್ಲೊಂದು ದೊಡ್ಡ ಪಾಠವಿದೆ. ಪ್ಲಾಂಟ್‌ವಿಲೇಜ್ ಎಂಬ ಪ್ರಸಿದ್ಧ ಎಲೆಚಿತ್ರ ಸಂಗ್ರಹದ 54,306 ಚಿತ್ರಗಳ ಮೇಲೆ 2016ರಲ್ಲಿ ನಡೆದ ಅಧ್ಯಯನದಲ್ಲಿ ನಿಖರತೆ ಶೇಕಡಾ 99.35 ಬಂದಿತ್ತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳ ಮೇಲೆ ಅದೇ ಮಾದರಿ ಸುಮಾರು ಶೇಕಡಾ 31ಕ್ಕೆ ಇಳಿಯಿತು, ಅದನ್ನು ಆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು. ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಕಿತ್ತಿಟ್ಟ ಎಲೆಗೂ, ಸಿಲ್ವರ್ ಮರದ ನೆರಳಲ್ಲಿ, ಮಳೆಹನಿ ಹೊತ್ತು, ರೋಗ ತಡೆಯಲು ಸಿಂಪಡಿಸುವ ಬೋರ್ಡೊ ದ್ರಾವಣದ ಕಲೆ ಅಂಟಿಸಿಕೊಂಡ ಎಲೆಗೂ ಬಹಳ ದೂರ. ಎಲೆ ತುಕ್ಕು ರೋಗದ ಕಿತ್ತಳೆ ಹುಡಿ ಎಲೆಯ ಅಡಿಯಲ್ಲಿ ಇರುತ್ತದೆ. ನಿಂತಲ್ಲಿಂದ ಮೇಲ್ಭಾಗದ ಫೋಟೊ ತೆಗೆದರೆ ಅದು ಕಾಣುವುದೇ ಇಲ್ಲ. ಈ ವಿಷಯ ಹಿಡಿಯುವುದಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ, ಏಲಕ್ಕಿಯಾದರೆ ಅಪ್ಪಂಗಳದ ಕೇಂದ್ರಕ್ಕೆ ಕಾಲೇಜಿನ ಮೂಲಕ ಪತ್ರ ಬರೆದು, ಬೆಳೆ ಬಲ್ಲ ವಿಜ್ಞಾನಿಯೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಯಾವ ಚಿತ್ರದಲ್ಲಿ ಯಾವ ರೋಗವಿದೆ ಎಂದು ಹೇಳುವ ಅಧಿಕಾರ ನಮಗಿಲ್ಲ, ಅವರಿಗಿದೆ.

ಮಳೆ ಪುಸ್ತಕದ ಕೆಲಸದಲ್ಲಿ ಪ್ರಬಂಧ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕೈಬರಹದ ಅಂಕಿಗಳನ್ನು ಓದುವ ಮಾದರಿಗಳು ತರಬೇತಿಯ ಸಂಗ್ರಹದ ಮೇಲೆ ಒಂದು ರೀತಿ, ತೇವದಲ್ಲಿ ಶಾಯಿ ಹರಡಿದ ಪುಟದ ಮೇಲೆ ಇನ್ನೊಂದು ರೀತಿ ನಡೆದುಕೊಳ್ಳುತ್ತವೆ. ಎಲ್ಲಿ ತಪ್ಪುತ್ತವೆ, ಏಕೆ ತಪ್ಪುತ್ತವೆ ಎಂಬುದೇ ಒಳ್ಳೆಯ ಪ್ರಬಂಧ. ಶುದ್ಧಗೊಳಿಸಿದ ದತ್ತಾಂಶವನ್ನು, ಕೊಟ್ಟವರ ಒಪ್ಪಿಗೆ ಇದ್ದರೆ, ಜೆನೊಡೊದಂಥ ಸಾರ್ವಜನಿಕ ಭಂಡಾರದಲ್ಲಿ ಇಟ್ಟರೆ ಅದೂ ಉಲ್ಲೇಖಿಸಬಹುದಾದ ಪ್ರಕಟಣೆ. ದುಡಿದ ವಿದ್ಯಾರ್ಥಿಗಳ ಹೆಸರು ಲೇಖಕರ ಸಾಲಿನಲ್ಲಿ ಇರಲೇಬೇಕು, ಹೆಚ್ಚು ದುಡಿದವರದು ಮೊದಲು. ಎಂಜಿನಿಯರಿಂಗ್ ಕಾಲೇಜಿನವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಸಂಶೋಧಕರನ್ನು ಪ್ರತ್ಯೇಕವಾಗಿ ಗುರುತಿಸುವ ಒಆರ್‌ಸಿಐಡಿ (ORCID) ಸಂಖ್ಯೆ ಇಲ್ಲದಿದ್ದರೆ ಇಂದೇ ಮಾಡಿಕೊಳ್ಳಿ, ಅದು ಉಚಿತ. ನಮ್ಮಲ್ಲಿ ಒಂದೇ ಹೆಸರಿನವರು ಬಹಳ ಜನ.

ಸೇವೆ: ಆದೇಶ ಕೇಳಿ ಪಡೆಯಿರಿ

ಕಂಪ್ಯೂಟರ್ ವಿಭಾಗದವರಿಗೆ ಕಾಲೇಜಿನಲ್ಲಿ ಕೀಲಿಮಣೆ ಇರುವ ಕೆಲಸವೆಲ್ಲ ಬರುತ್ತದೆ. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತ ತಂತ್ರಾಂಶವಾದ ಯುಯುಸಿಎಂಎಸ್‌ನ ನಮೂದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ವಾರ್ಷಿಕ ವರದಿ, ಜಾಲತಾಣ, ಪ್ರಿಂಟರಿನ ರಿಪೇರಿ. ಪ್ರಿಂಟರಿಗೆ ನಯವಾಗಿ ಇಲ್ಲ ಎನ್ನಬಹುದು. ಉಳಿದದ್ದನ್ನು ಮಾಡಬೇಕಾಗುತ್ತದೆ, ಮಾಡಿ. ಆದರೆ ಪ್ರತಿಯೊಂದಕ್ಕೂ ಪ್ರಾಂಶುಪಾಲರ ಲಿಖಿತ ಆದೇಶ ಕೇಳಿ ಪಡೆಯಿರಿ. ಇದರಲ್ಲಿ ಸಂಕೋಚ ಬೇಡ. ‘ಸರ್, ಕಡತಕ್ಕೆ ಒಂದು ಆದೇಶ ಬೇಕಿತ್ತು’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಾಯಿಮಾತಿನಲ್ಲಿ ಬಂದ ಕೆಲಸ ಎಷ್ಟೇ ದೊಡ್ಡದಾಗಿದ್ದರೂ ವರ್ಷದ ಕೊನೆಗೆ ಲೆಕ್ಕಕ್ಕೆ ಬರುವುದಿಲ್ಲ. ಯುಜಿಸಿ ನಿಯಮದಲ್ಲಿ ಬೋಧನೆಯ ಆಚೆಗಿನ ಕನಿಷ್ಠ ಮೂರು ಬಗೆಯ ಚಟುವಟಿಕೆಗೆ ‘ಉತ್ತಮ’ ಶ್ರೇಣಿ ಸಿಗುತ್ತದೆ, ಆದೇಶಗಳಿದ್ದರೆ ಅದು ಸುಲಭ. ಎಐಸಿಟಿಇ ಪದ್ಧತಿಯಲ್ಲಿ 100 ಅಂಕಗಳಲ್ಲಿ ಬೋಧನಾ ಕ್ರಮಕ್ಕೆ 25, ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ 25, ವಿಭಾಗದ ಕೆಲಸಕ್ಕೆ 20, ಸಂಸ್ಥೆಯ ಕೆಲಸ, ವಾರ್ಷಿಕ ಗೋಪ್ಯ ವರದಿ, ಸಮಾಜಕ್ಕೆ ಕೊಡುಗೆ ಇವಕ್ಕೆ ತಲಾ 10. ಸಮಾಜದ ಪಾಲು ಹತ್ತೇ ಅಂಕ ಎಂದು ಅದನ್ನು ಕೊನೆಗೆ ತಳ್ಳಬೇಡಿ.

ಕೊಡಗಿನಲ್ಲಿ ಆ ಕೆಲಸ ಈಗ ತುರ್ತಾಗಿ ಬೇಕು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ತೋಟದ ನಡುವಿನ ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ಕುಟುಂಬಗಳು ಎಷ್ಟೋ ಇವೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರಿಗೆ ಇಂಥ ಮನೆಗಳೇ ಗುರಿ. ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಅವರವರ ಊರಿನ ಹಿರಿಯರ ಬಳಿ ಕಳುಹಿಸಿ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ, ಒಟಿಪಿ ಯಾರಿಗೂ ಹೇಳಬಾರದು, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬ ಮೂರೇ ಮಾತು ಸಾಕು. ಸಭಾಂಗಣದಲ್ಲಿ ದೀಪ ಬೆಳಗಿಸಿ ಮಾಡುವ ಕಾರ್ಯಾಗಾರಕ್ಕಿಂತ, ಊರಿನ ಹುಡುಗಿ ಜಗಲಿಯಲ್ಲಿ ಕುಳಿತು ‘ಅಜ್ಜ, ಆ ಸಂಖ್ಯೆಯನ್ನು ಫೋನಿನ ಪಕ್ಕ ಬರೆದಿಡಿ’ ಎಂದು ಹೇಳುವುದು ಹೆಚ್ಚು ಉಳಿಯುತ್ತದೆ. ಹೋಗಿಬಂದ ದಿನ, ಊರು ಮಾತ್ರ ದಾಖಲಿಸಿ. ಹಿರಿಯರ ಫೋನ್ ಸಂಖ್ಯೆ, ಬ್ಯಾಂಕಿನ ವಿವರ ಬರೆದುಕೊಳ್ಳಲೇಬಾರದು.

ಮಳೆ ಪುಸ್ತಕ ಕೊಟ್ಟವರಿಗೆ ಮಾತು ಕೊಟ್ಟಂತೆ ಮುದ್ರಿತ ಪ್ರತಿ ಒಯ್ದು ಕೊಡುವುದೂ ಸೇವೆಯೇ. ತಿಂಗಳುವಾರು ಮೊತ್ತ, ಹೂಮಳೆಯ ದಿನಾಂಕಗಳ ಪಟ್ಟಿ ಇಷ್ಟಿದ್ದರೆ ಅವರಿಗೆ ಉಪಯೋಗಕ್ಕೆ ಬರುತ್ತದೆ. ಇಂಚು, ಸೆಂಟಿನಲ್ಲೇ ಕೊಡಿ, ಮಿಲಿಮೀಟರ್ ಪ್ರಬಂಧಕ್ಕೆ ಸಾಕು.

ವರದಿ ಬರೆಯುವಾಗ

ಶುಕ್ರವಾರದ ಕಡತ ಇದ್ದರೆ ನಮೂನೆ ತುಂಬಲು ಒಂದು ದಿನ ಸಾಕು. ‘ವಿದ್ಯಾರ್ಥಿಗಳಿಗೆ ಉತ್ತಮ ಮಾರ್ಗದರ್ಶನ ನೀಡಲಾಯಿತು’ ಎಂಬಂಥ ಸಾಲು ಓದುವವರಿಗೆ ಏನನ್ನೂ ಹೇಳುವುದಿಲ್ಲ. ಅದರ ಬದಲು ‘ಮೂರನೇ ಸೆಮಿಸ್ಟರಿನ ಡೇಟಾಬೇಸ್ ಲ್ಯಾಬಿಗೆ ಸ್ಥಳೀಯ ಮಳೆ ದಾಖಲೆಯಿಂದ ಎಂಟು ಹೊಸ ಪ್ರಯೋಗ ರೂಪಿಸಿದೆ, ಪ್ರತಿ ಅನುಬಂಧದಲ್ಲಿದೆ’ ಎಂದು ಬರೆದರೆ ಯಾರು, ಏನು, ಎಲ್ಲಿ ಎಂಬುದೆಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ಕರ್ಮಣಿ ಪ್ರಯೋಗ ಬಿಡಿ. ನೀವು ಮಾಡಿದ್ದನ್ನು ‘ಮಾಡಿದೆ’ ಎಂದೇ ಬರೆಯಿರಿ, ಇತರರ ಜೊತೆ ಮಾಡಿದ್ದರೆ ಅವರ ಹೆಸರನ್ನೂ ಬರೆಯಿರಿ. ಒಂದೇ ಕೆಲಸ ಮೂರು ಭಾಗಗಳಲ್ಲೂ ಬರುವುದರಿಂದ ಎಚ್ಚರ ಬೇಕು: ಪಾಠದ ಭಾಗದಲ್ಲಿ ಪ್ರಯೋಗಗಳು, ಅಧ್ಯಯನದ ಭಾಗದಲ್ಲಿ ಪ್ರಬಂಧ ಮತ್ತು ದತ್ತಾಂಶ, ಸೇವೆಯ ಭಾಗದಲ್ಲಿ ಬೆಳೆಗಾರರಿಗೆ ಮರಳಿಸಿದ ಪ್ರತಿ. ಅದನ್ನೇ ಮೂರು ಸಲ ಎಣಿಸಿದಂತೆ ಕಾಣಬಾರದು.

ಆಗದೆ ಉಳಿದದ್ದನ್ನೂ ಒಂದು ಸಾಲಿನಲ್ಲಿ ಕಾರಣ ಸಹಿತ ಬರೆಯಿರಿ. ಮಳೆ ರಜೆಯಿಂದ ತಪ್ಪಿದ ತರಗತಿ, ಬದಲಿ ನಡೆದ ದಿನ, ಪ್ರಬಂಧ ತಿರಸ್ಕೃತವಾಗಿದ್ದರೆ ವಿಮರ್ಶಕರು ಏನು ಹೇಳಿದರು, ಮತ್ತೆ ಎಲ್ಲಿಗೆ ಕಳುಹಿಸಿದ್ದೀರಿ. ಪ್ರಾಮಾಣಿಕ ವರದಿಯನ್ನು ಮೌಲ್ಯಮಾಪಕರು ಬೇಗ ಗುರುತಿಸುತ್ತಾರೆ.

ಅತಿಥಿ ಉಪನ್ಯಾಸಕರು ಇದೇ ವರದಿಯನ್ನು ಯಾರೂ ಕೇಳದಿದ್ದರೂ ಬರೆದು, ಕಾಲೇಜು ಬಿಡುವ ಮೊದಲು ಅನುಭವ ಪ್ರಮಾಣಪತ್ರದ ಜೊತೆಗೆ ಪ್ರಾಂಶುಪಾಲರಿಂದ ದೃಢೀಕರಿಸಿಕೊಳ್ಳಿ. ಕಲಿಸಿದ ಪತ್ರಿಕೆಗಳ ಹೆಸರು, ವಾರದ ಗಂಟೆಗಳು, ಸೇರಿದ ಮತ್ತು ಬಿಟ್ಟ ದಿನಾಂಕ ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಇರಲಿ. ವರ್ಷ ಕಳೆದ ಮೇಲೆ ಪ್ರಾಂಶುಪಾಲರು ಬದಲಾಗಿರುತ್ತಾರೆ, ಕಚೇರಿಯವರಿಗೆ ನಿಮ್ಮ ಮುಖ ನೆನಪಿರುವುದಿಲ್ಲ. ಖಾಯಂ ಇರುವವರೂ ಅಷ್ಟೇ, ಸಲ್ಲಿಸಲು ಹೋಗುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಂಡು ಬನ್ನಿ.